ಗೇಟಿನ ರೇಟು, ಮನೆಯ ಲೆಕ್ಕ

ಸೆಮಿಸ್ಟರ್ ಪರೀಕ್ಷೆ ಮುಗಿಯುವ ಹೊತ್ತಿಗೆ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮಾತು ಬಂದೇ ಬರುತ್ತದೆ: "ಈ ಸಲ ರಜಾಕ್ಕ ಎಲ್ಲಿ ಹೋಗೂಣು?" ತಮ್ಮನೋ ತಂಗಿಯೋ ತಕ್ಷಣ "ವಂಡರ್‌ಲಾ" ಅಂತ ಟೈಪ್ ಮಾಡ್ತಾರೆ. ಸ್ವಲ್ಪ ಹೊತ್ತಿಗೆ ಅಪ್ಪ ಟಿಕೆಟ್ ದರದ ಸ್ಕ್ರೀನ್‌ಶಾಟ್ ಹಾಕ್ತಾರೆ. ಅಲ್ಲಿಗೆ ಗ್ರೂಪು ತಣ್ಣಗಾಗುತ್ತದೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕೂ ಕಡೆಯಿಂದ ಬಂದವರು ನಮ್ಮ ಕ್ಯಾಂಪಸ್ಸಿನಲ್ಲಿದ್ದೇವೆ. ಈ ಮಾತು ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ರೀತಿ ನಡೆದಿದೆ. ಹಾಗಾಗಿ ಈ ಸಲ ಕನ್ನಡ ಬಳಗದಲ್ಲಿ ಕೂತು ಒಂದು ಪ್ರಶ್ನೆ ಹಿಡಿದುಕೊಂಡೆವು. ಥೀಮ್ ಪಾರ್ಕಿನ ರೇಟು ಏರಿದ್ದು ನಿಜ. ಆದರೆ ಅದರಿಂದ ಮನೆಮಂದಿಯ ಪ್ರವಾಸವೇ ದಂಡ ಆಗಿಬಿಟ್ಟಿದೆಯಾ? "ದುಡ್ಡು ಹಾಳು" ಅನ್ನುವವರೂ "ಜೀವನದಾಗ ಒಮ್ಮೆ ಹೋಗ್ಬೇಕ್ರೀ" ಅನ್ನುವವರೂ ಇಬ್ಬರೂ ಲೆಕ್ಕ ಹಾಕದೇ ಮಾತಾಡ್ತಾರೆ. ನಾವು ಓದುತ್ತಿರುವುದು ಇಂಜಿನಿಯರಿಂಗ್. ಲೆಕ್ಕ ಹಾಕಿಯೇ ನೋಡೋಣ.

ರೇಟು ಏರುವುದು ಯಾಕೆ

ಕರ್ನಾಟಕದಲ್ಲಿ ಥೀಮ್ ಪಾರ್ಕ್ ಅಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಬಿಡದಿ ಹತ್ತಿರದ ವಂಡರ್‌ಲಾ. ಅದು 2005ರಲ್ಲಿ ಶುರುವಾಯಿತು. ಅದೇ ಕಂಪನಿಯ ಮೊದಲ ಪಾರ್ಕು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಅನ್ನುವ ಹೆಸರಿನಲ್ಲಿ ಬಂದಿತ್ತು. ಮೈಸೂರಿನವರಿಗೆ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ. ನಮ್ಮ ಕಡೆಯಿಂದ ಬಿಡದಿಗೆ ಹೋಗಬೇಕಂದರೆ ಒಂದು ರಾತ್ರಿಯ ಬಸ್ ಪ್ರಯಾಣ. ಅಲ್ಲಿನ ದೊಡ್ಡವರ ಟಿಕೆಟ್ ಸಾವಿರ ರೂಪಾಯಿ ದಾಟಿ ವರ್ಷಗಳಾದವು. ಶನಿವಾರ, ಭಾನುವಾರ, ಹಬ್ಬದ ರಜೆಗಳಲ್ಲಿ ಇನ್ನೂ ಹೆಚ್ಚು.

ಇಂಥ ಪಾರ್ಕಿನ ಖರ್ಚಿನ ಸ್ವಭಾವವನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ರೋಲರ್ ಕೋಸ್ಟರಿನಲ್ಲಿ ನಾಲ್ಕು ಜನ ಕೂತರೂ ಇಪ್ಪತ್ನಾಲ್ಕು ಜನ ಕೂತರೂ ಮೋಟಾರು ತಿರುಗಲೇಬೇಕು, ಆಪರೇಟರ್ ನಿಂತಿರಲೇಬೇಕು, ಬೆಳಿಗ್ಗೆ ಬೋಲ್ಟು, ಬ್ರೇಕು, ಸೀಟಿನ ಲಾಕು ಪರೀಕ್ಷೆ ಆಗಲೇಬೇಕು. ನೀರಿನ ಆಟಗಳಿಗೆ ದಿನವಿಡೀ ಪಂಪು, ಫಿಲ್ಟರು. ಜಾಗ, ಯಂತ್ರ, ಸಂಬಳ, ಕರೆಂಟು, ವಿಮೆ ಎಲ್ಲವೂ ಜನ ಬಂದರೂ ಬರದಿದ್ದರೂ ಇದ್ದೇ ಇರುವ ಖರ್ಚು. ನಮ್ಮ ಪಠ್ಯದ ಭಾಷೆಯಲ್ಲಿ ಹೇಳುವುದಾದರೆ ಫಿಕ್ಸೆಡ್ ಕಾಸ್ಟ್ ಜಾಸ್ತಿ, ಇನ್ನೊಬ್ಬ ಗ್ರಾಹಕ ಬಂದಾಗ ಆಗುವ ಹೆಚ್ಚುವರಿ ಖರ್ಚು ತೀರಾ ಕಡಿಮೆ. ಇದರ ಮೇಲೆ ಹಳೇ ಆಟಗಳು ಬೇಸರವಾಗುತ್ತವೆ. ಮತ್ತೆ ಜನ ಬರಬೇಕಂದರೆ ಕೆಲ ವರ್ಷಕ್ಕೊಂದು ಹೊಸ ಆಟ ತರಬೇಕು. ಅದರ ಬಂಡವಾಳವೂ ಗೇಟಿನಲ್ಲೇ ಹುಟ್ಟಬೇಕು.

ತೆರಿಗೆಯ ಪಾಲೂ ಇದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಥೀಮ್ ಪಾರ್ಕ್, ವಾಟರ್ ಪಾರ್ಕ್ ಪ್ರವೇಶಕ್ಕೆ ಶೇ. 28 ಹಾಕಿದ್ದರು. 2018ರ ಜನವರಿ 25ರಿಂದ ಅದು ಶೇ. 18ಕ್ಕೆ ಇಳಿಯಿತು. ಶೇ. 18ರ ಲೆಕ್ಕದಲ್ಲಿ 1,500 ರೂಪಾಯಿ ಟಿಕೆಟ್ಟಿನಲ್ಲಿ ಪಾರ್ಕಿಗೆ ಸಿಗುವುದು ಸುಮಾರು 1,271, ತೆರಿಗೆಗೆ ಹೋಗುವುದು ಸುಮಾರು 229. ನಾಲ್ಕು ಜನರ ಮನೆಗೆ ಇದೇ ಒಂದು ಊಟದ ಬಿಲ್ಲು.

ಇನ್ನೊಂದು ಕಾರಣ ಜನಸಂದಣಿ. ಮಂಗಳವಾರ ಖಾಲಿ ಓಡುವ ಆಟ ಭಾನುವಾರ ತುಂಬಿ ತುಳುಕುತ್ತದೆ. ಹಾಗಾಗಿ ದಿನ ನೋಡಿ ದರ ಇಡುವುದು ಈಗ ಎಲ್ಲ ಕಡೆ ರೂಢಿ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 2016ರಲ್ಲಿ ಈ ಪದ್ಧತಿ ಶುರು ಮಾಡಿತು. 2024ರ ಕೊನೆಗೆ ಅಲ್ಲಿ ತೀರಾ ಕಡಿಮೆ ಜನರಿರುವ ದಿನದ ಟಿಕೆಟ್ 104 ಡಾಲರ್, ತೀರಾ ಹೆಚ್ಚು ಜನರಿರುವ ದಿನದ್ದು 206 ಡಾಲರ್ ಆಗಿತ್ತು. ಅದೇ ಪಾರ್ಕು, ಅದೇ ಆಟ, ರೇಟು ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು. "ರೇಟು ಏರಿದೆ" ಅನ್ನುವ ಒಂದೇ ವಾಕ್ಯದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಎಲ್ಲಿ ಏರಿದೆ, ಯಾವ ದಿನಕ್ಕೆ ಏರಿದೆ ಅಂತ ಕೇಳಬೇಕು.

ಒಂದೇ ಟಿಕೆಟ್ಟೋ, ಆಟಕ್ಕೊಂದು ಟಿಕೆಟ್ಟೋ

ಶಿರಸಿಯ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ದೊಡ್ಡ ತೊಟ್ಟಿಲು, ಮಿಠಾಯಿ ಅಂಗಡಿ, ನಾಟಕದ ಟೆಂಟು ಎಲ್ಲ ಇರುತ್ತದೆ. ಜಾತ್ರೆಗೆ ಗೇಟಿಲ್ಲ. ಒಳಗೆ ಹೋಗಲು ದುಡ್ಡಿಲ್ಲ. ತೊಟ್ಟಿಲು ಏರುವವರು ತೊಟ್ಟಿಲಿಗೆ ಮಾತ್ರ ಕೊಡ್ತಾರೆ. ಅಜ್ಜಿ ದೇವರಿಗೆ ಕೈಮುಗಿದು, ಬಳೆ ಅಂಗಡಿ ನೋಡಿ, ಮೊಮ್ಮಕ್ಕಳು ಕಿರುಚುವುದನ್ನು ಕೆಳಗೆ ನಿಂತು ನೋಡಿ ನಗ್ತಾಳೆ. ಅಜ್ಜಿಯ ಖರ್ಚು ಸೊನ್ನೆ, ಸಂತೋಷ ಪೂರ್ತಿ.

ಡಿಸ್ನಿಲ್ಯಾಂಡ್ ಕೂಡ ಶುರುವಾಗಿದ್ದು ಹೆಚ್ಚುಕಡಿಮೆ ಹೀಗೇ. 1955ರಲ್ಲಿ ಅದು ತೆರೆದಾಗ ಪ್ರವೇಶಕ್ಕೆ ಒಂದು ಡಾಲರ್, ಆಟಗಳಿಗೆ ಬೇರೆ ಬೇರೆ ಟಿಕೆಟ್. (ನಮ್ಮ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದದ್ದೂ ಅದೇ 1955ರಲ್ಲಿ. ಬಂಗೂರನಗರ ಮತ್ತು ಡಿಸ್ನಿಲ್ಯಾಂಡ್ ಒಂದೇ ವಯಸ್ಸಿನವು ಅಂತ ಧೈರ್ಯವಾಗಿ ಹೇಳಬಹುದು.) 1982ರಲ್ಲಿ ಡಿಸ್ನಿಲ್ಯಾಂಡ್ ಆಟದ ಟಿಕೆಟ್ ಪುಸ್ತಕ ಕೈಬಿಟ್ಟು ಗೇಟಿನಲ್ಲಿ ಒಂದೇ ದರ ಮಾಡಿತು. ಒಮ್ಮೆ ಕೊಟ್ಟರೆ ದಿನವಿಡೀ ಎಷ್ಟಾದರೂ ಆಡಿ ಅನ್ನುವ ವ್ಯವಸ್ಥೆ. ಅರ್ಥಶಾಸ್ತ್ರಜ್ಞ ವಾಲ್ಟರ್ ಓಯ್ ಅದಕ್ಕೂ ಮುಂಚೆಯೇ, 1971ರಲ್ಲಿ, ಡಿಸ್ನಿಲ್ಯಾಂಡನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದು ಪ್ರಸಿದ್ಧ ಪ್ರಬಂಧ ಬರೆದಿದ್ದರು. ಗೇಟಿನಲ್ಲಿ ಹೆಚ್ಚು ತೆಗೆದುಕೊಂಡು ಆಟಕ್ಕೆ ಕಡಿಮೆ ಇಡಬೇಕೋ, ಗೇಟು ಅಗ್ಗ ಮಾಡಿ ಆಟಕ್ಕೆ ಹೆಚ್ಚು ಇಡಬೇಕೋ ಅನ್ನುವುದೇ ಅದರ ಪ್ರಶ್ನೆ.

ನಮ್ಮ ಮನೆಗಳಿಗೆ ಈ ಪ್ರಶ್ನೆ ಬಹಳ ಹತ್ತಿರದ್ದು. ಒಂದೇ ಟಿಕೆಟ್ಟಿನ ಪಾರ್ಕು ಯಾರಿಗೆ ಲಾಭ? ಹಾಸ್ಟೆಲಿನ ಆರು ಜನ ಹುಡುಗರೋ ಹುಡುಗಿಯರೋ ಹೋದರೆ ಗೇಟು ತೆರೆದ ಹೊತ್ತಿಂದ ಮುಚ್ಚುವವರೆಗೆ ಒಂದೂ ಆಟ ಬಿಡುವುದಿಲ್ಲ. ಆಟಕ್ಕೆ ಇಷ್ಟು ಅಂತ ಭಾಗ ಮಾಡಿದರೆ ಟಿಕೆಟ್ ಅಗ್ಗ. ಮೇಲಾಗಿ ಕಾಲೇಜಿನ ಐಡಿ ತೋರಿಸಿದರೆ ಸಿಗುವ ರಿಯಾಯಿತಿ ಬೇರೆ. ಅದೇ ಮನೆಮಂದಿ ಹೋದರೆ? ಅಮ್ಮ ಎರಡು ಆಟ ಆಡಿ "ನನಗ ತಲಿ ತಿರಗತೈತಿ, ನೀವು ಹೋಗ್ರಿ" ಅಂತ ಬ್ಯಾಗ್ ಹಿಡಿದು ಕೂರ್ತಾಳೆ. ಅಜ್ಜ ಬಂದರೆ ಹಿರಿಯರ ರಿಯಾಯಿತಿ ಕಳೆದೂ ನೂರಾರು ರೂಪಾಯಿ ಕೊಟ್ಟು ಬೆಂಚಿನ ಮೇಲೆ ಕೂತಂತೆ. ಸಣ್ಣ ತಮ್ಮನ ಎತ್ತರ ಸಾಲದೇ ದೊಡ್ಡ ಆಟಗಳಿಗೆ ಬಿಡುವುದಿಲ್ಲ. ಅವನ ಜೊತೆ ಅಪ್ಪನೂ ಹೊರಗೆ.

ಅಂದರೆ ಒಂದೇ ರೇಟು ಎಲ್ಲರಿಗೂ ಒಂದೇ ಬೆಲೆ ಅಲ್ಲ. ಜಾತ್ರೆಯಲ್ಲಿ ಆಡುವವರು ಮಾತ್ರ ಕೊಡುತ್ತಿದ್ದರು. ಪಾರ್ಕಿನಲ್ಲಿ ಆಡದವರೂ ಕೊಡ್ತಾರೆ. ಗೇಟಿನ ರೇಟು ಏರಿದಾಗ ಹೆಚ್ಚು ಪೆಟ್ಟು ಬೀಳುವುದು ವಯಸ್ಸಿನ ಅಂತರ ಜಾಸ್ತಿ ಇರುವ ಮನೆಗೆ. "ಕುಟುಂಬಕ್ಕೆ ಹೇಳಿ ಮಾಡಿಸಿದ ಜಾಗ" ಅಂತ ಜಾಹೀರಾತು ಬರುತ್ತದೆ. ಆದರೆ ದರದ ರಚನೆ ನೋಡಿದರೆ ಅದು ನಮ್ಮಂಥ ಗೆಳೆಯರ ಗುಂಪಿಗೇ ಹೆಚ್ಚು ಹೊಂದುತ್ತದೆ.

ಹದಿನಾಲ್ಕು ಸಾವಿರದ ಒಂದು ಟ್ರಿಪ್ಪು

ಈಗ ಬಂಗೂರನಗರದ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಪ್ಪ, ಅಮ್ಮ, ಪಿಯುಸಿ ಓದುವ ಅಕ್ಕ, ಎಂಟು ವರ್ಷದ ತಮ್ಮ. ರಾತ್ರಿ ಬಸ್ಸಿಗೆ ಬೆಂಗಳೂರು, ಹಗಲು ಬಿಡದಿಯ ಪಾರ್ಕು, ಆ ರಾತ್ರಿ ಲಾಡ್ಜು, ಮರುದಿನ ವಾಪಸ್. ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ನಾವು ಹಿಡಿದ ದುಂಡು ಅಂಕಿಗಳು. ಹೋಗುವ ಮುಂಚೆ ನಿಮ್ಮ ದಿನದ ನಿಜವಾದ ದರ ಹಾಕಿಕೊಳ್ಳಿ.

ಪಾರ್ಕ್ ಟಿಕೆಟ್: ದೊಡ್ಡವರು ಮೂವರು, ತಲೆಗೆ 1,500ರಂತೆ 4,500, ತಮ್ಮನದು 1,200. ಒಟ್ಟು 5,700.
ಬಸ್ಸು: ಒಂದು ಕಡೆಗೆ 600ರಂತೆ ಅಪ್ಪನದು ಹೋಗಿಬರಲು 1,200, ತಮ್ಮನ ಅರ್ಧ ಟಿಕೆಟ್ 600. ಒಟ್ಟು 1,800.
ಬೆಂಗಳೂರಿನೊಳಗೆ ಮತ್ತು ಬಿಡದಿಗೆ ಓಡಾಟ: 600.
ಲಾಡ್ಜು, ಒಂದು ರಾತ್ರಿ: 2,000.
ಊಟ, ತಿಂಡಿ, ಚಹಾ: 3,000.
ನೀರಿಗಿಳಿಯುವ ಬಟ್ಟೆ, ಲಾಕರು: 900.

ಒಟ್ಟು 14,000 ರೂಪಾಯಿ.

ಇದರಲ್ಲಿ ಗೇಟಿನ ಪಾಲು 5,700, ಅಂದರೆ ಸುಮಾರು ಶೇ. 41. ಮಿಕ್ಕ ಶೇ. 59 ಗೇಟಿನ ಹೊರಗಿನ ಖರ್ಚು. ನಾಳೆ ಪಾರ್ಕಿನವರು ಟಿಕೆಟ್ ದರ ಶೇ. 20 ಏರಿಸಿದರೆ ಮನೆಗೆ ಬೀಳುವ ಹೆಚ್ಚುವರಿ 1,140 ರೂಪಾಯಿ. ಇಡೀ ಟ್ರಿಪ್ಪಿನ ಖರ್ಚು ಏರಿದ್ದು ಶೇ. 8 ಮಾತ್ರ. ಸುದ್ದಿಯಲ್ಲಿ ಕೇಳುವ ಶೇ. 20 ಮನೆಯ ಲೆಕ್ಕದಲ್ಲಿ ಶೇ. 8 ಆಗುತ್ತದೆ.

ಬಸ್ಸಿನ ಸಾಲನ್ನು ಇನ್ನೊಮ್ಮೆ ನೋಡಿ. ಅಮ್ಮ, ಅಕ್ಕನ ಟಿಕೆಟ್ ಅಲ್ಲಿಲ್ಲ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ನಮ್ಮ ಲೆಕ್ಕದಲ್ಲಿ ಇದರಿಂದ ಉಳಿದದ್ದು 2,400 ರೂಪಾಯಿ. ಪಾರ್ಕಿನ ಶೇ. 20ರ ಏರಿಕೆಯ ಎರಡು ಪಟ್ಟಿಗಿಂತ ಹೆಚ್ಚು! 2025ರ ಜನವರಿಯಲ್ಲಿ ಸಾರಿಗೆ ಸಂಸ್ಥೆಗಳು ಬಸ್ ದರ ಶೇ. 15 ಏರಿಸಿದವು. ಆದರೂ ಇಬ್ಬರು ಹೆಣ್ಣುಮಕ್ಕಳಿರುವ ಮನೆಗೆ ಬಸ್ ಪ್ರಯಾಣ 2023ರ ಮುಂಚಿಗಿಂತ ಈಗಲೇ ಅಗ್ಗ. ಸ್ಲೀಪರ್ ಬೇಕು, ಎಸಿ ಬೇಕು ಅಂದರೆ ಈ ಲಾಭ ಹೋಯಿತು. ಲಾಡ್ಜಿಗೂ ಸ್ವಲ್ಪ ಸಮಾಧಾನ: ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಬದಲು ಶೇ. 5.

ಗೇಟಿನ ರೇಟಿನ ಮೇಲೆ ಮಾತ್ರ ಕಣ್ಣಿಟ್ಟರೆ ಇದೆಲ್ಲ ತಪ್ಪಿಹೋಗುತ್ತದೆ.

ಕ್ಯೂ ಅನ್ನುವ ಎರಡನೇ ಟಿಕೆಟ್

ದುಡ್ಡಿನ ಲೆಕ್ಕ ಆಯಿತು. ಇನ್ನು ಸಮಯದ್ದು. ಇಲ್ಲಿ ನಮ್ಮ ಓದು ನಿಜವಾಗಿಯೂ ಕೆಲಸಕ್ಕೆ ಬರುತ್ತದೆ.

1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ಒಂದು ಸರಳ ನಿಯಮ ಇದೆ. ಸಾಲಿನಲ್ಲಿರುವ ಜನರ ಸಂಖ್ಯೆಯನ್ನು ಸಾಲು ಕರಗುವ ವೇಗದಿಂದ ಭಾಗಿಸಿದರೆ ಸರಾಸರಿ ಕಾಯುವ ಸಮಯ ಸಿಗುತ್ತದೆ. ಒಂದು ಆಟದಲ್ಲಿ 24 ಸೀಟು, ಹತ್ತಿಸಿ ತಿರುಗಿಸಿ ಇಳಿಸಲು 4 ನಿಮಿಷ ಅಂತಿಟ್ಟುಕೊಳ್ಳಿ. ನಿಮಿಷಕ್ಕೆ 6 ಜನ. ಭಾನುವಾರ ನಿಮ್ಮ ಮುಂದೆ 270 ಜನ ಇದ್ದರೆ 45 ನಿಮಿಷ. ಬುಧವಾರ 90 ಜನ ಇದ್ದರೆ 15 ನಿಮಿಷ.

ಪಾರ್ಕು ಬೆಳಿಗ್ಗೆ 11ರಿಂದ ಸಂಜೆ 6ರವರೆಗೆ ಅಂದರೆ 420 ನಿಮಿಷ. ಊಟಕ್ಕೆ, ಬಟ್ಟೆ ಬದಲಿಸಲು 90 ನಿಮಿಷ ಕಳೆದರೆ ಉಳಿದದ್ದು 330. ಆಟ ಮತ್ತು ಒಂದು ಆಟದಿಂದ ಇನ್ನೊಂದಕ್ಕೆ ನಡೆಯಲು 10 ನಿಮಿಷ ಸೇರಿಸಿ. ಭಾನುವಾರ ಒಂದು ಆಟಕ್ಕೆ 55 ನಿಮಿಷ, ದಿನಕ್ಕೆ 6 ಆಟ. ಬುಧವಾರ ಒಂದು ಆಟಕ್ಕೆ 25 ನಿಮಿಷ, ದಿನಕ್ಕೆ 13 ಆಟ.

ಭಾನುವಾರ ನಾಲ್ವರ ಟಿಕೆಟ್ 5,700 ಆದರೆ ಆಟಕ್ಕೆ 950 ರೂಪಾಯಿ ಬಿತ್ತು. ಬುಧವಾರ ದರ ಇಳಿದು 5,000 ಆಗಿದ್ದರೆ ಆಟಕ್ಕೆ ಸುಮಾರು 385. ವ್ಯತ್ಯಾಸ ಎರಡೂವರೆ ಪಟ್ಟು. ಇಷ್ಟು ದೊಡ್ಡ ವ್ಯತ್ಯಾಸವನ್ನು ಯಾವ ವರ್ಷದ ದರ ಏರಿಕೆಯೂ ಮಾಡುವುದಿಲ್ಲ. "ಮೊದಲಿನಷ್ಟು ಮಜಾ ಬರಲಿಲ್ಲ, ದುಡ್ಡು ದಂಡ" ಅಂತ ವಾಪಸ್ ಬಂದವರು ಹೇಳಿದರೆ ಅವರನ್ನು ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಕೊಟ್ಟಿರಿ" ಅಲ್ಲ. "ಯಾವ ದಿನ ಹೋಗಿದ್ದಿರಿ" ಅಂತ ಕೇಳಬೇಕು.

ಫಾಸ್ಟ್ ಟ್ರ್ಯಾಕ್ ಟಿಕೆಟ್ಟಿನ ಸಂಗತಿಯೂ ಇಲ್ಲೇ ಇದೆ. ಹೆಚ್ಚು ದುಡ್ಡು ಕೊಟ್ಟವರಿಗೆ ಬೇರೆ ಸಾಲು. ಆದರೆ ಆಟದ ಸೀಟು ಹೆಚ್ಚಾಗುವುದಿಲ್ಲ. ನಿಮಿಷಕ್ಕೆ ಹೋಗುವ 6 ಜನರಲ್ಲಿ 2 ಜಾಗ ಫಾಸ್ಟ್ ಟ್ರ್ಯಾಕಿನವರಿಗೆ ಹೋದರೆ ಸಾಮಾನ್ಯ ಸಾಲು ನಿಮಿಷಕ್ಕೆ 4ರಂತೆ ಕರಗುತ್ತದೆ. ಅದೇ 270 ಜನರ ಹಿಂದೆ ನಿಂತವರು ಈಗ 67 ನಿಮಿಷ ಕಾಯಬೇಕು. ಸಾಮಾನ್ಯ ಟಿಕೆಟ್ಟಿನ ದರ ಒಂದು ರೂಪಾಯಿಯೂ ಏರಿಲ್ಲ, ಆದರೆ ಅದರಲ್ಲಿ ಸಿಗುವುದು ಕಡಿಮೆಯಾಯಿತು. ಇಂಥ ಏರಿಕೆ ಯಾವ ಸ್ಕ್ರೀನ್‌ಶಾಟಿನಲ್ಲೂ ಕಾಣುವುದಿಲ್ಲ. ಮಾತಾಡಬೇಕಾದದ್ದು ಟಿಕೆಟ್ಟಿನ ಅಂಕಿಗಿಂತ ಹೆಚ್ಚು ಇದರ ಬಗ್ಗೆ ಅಂತ ನಮಗನಿಸುತ್ತದೆ.

ನಮ್ಮೂರೇ ಒಂದು ಪಾರ್ಕು

ಇಷ್ಟೊತ್ತು ನಾವು ಬಿಡದಿಗೆ ಹೋಗುವವರಾಗಿ ಮಾತಾಡಿದೆವು. ಈಗ ಬಾಗಿಲು ತಿರುಗಿಸಿ ನೋಡೋಣ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಗೋವಾದವರಿಗೆ ರಜೆ ಕಳೆಯುವ ಜಾಗ ದಾಂಡೇಲಿ. ಶನಿವಾರ ಬೆಳಿಗ್ಗೆ ಊರೊಳಗೆ ನಿಂತರೆ ಬೇರೆ ಊರಿನ ಕಾರುಗಳ ಸಾಲೇ ಸಾಕ್ಷಿ. ಕಾಳಿಯ ರಾಫ್ಟಿಂಗ್, ಕಯಾಕಿಂಗ್, ಜಿಪ್‌ಲೈನ್, ಜಂಗಲ್ ಸಫಾರಿ, ಹೋಮ್‌ಸ್ಟೇ, ರೆಸಾರ್ಟ್ ಎಲ್ಲ ಸೇರಿ ಗೋಡೆಯಿಲ್ಲದ ಥೀಮ್ ಪಾರ್ಕ್ ಆಗಿದೆ ನಮ್ಮ ಸೀಮೆ.

ಇಲ್ಲಿಯೂ ಅದೇ ಎರಡು ಪದ್ಧತಿ ಇದೆ. ರೆಸಾರ್ಟಿನ ಪ್ಯಾಕೇಜ್ ಅಂದರೆ 1982ರ ನಂತರದ ಡಿಸ್ನಿಲ್ಯಾಂಡ್: ತಲೆಗೆ ಇಷ್ಟು, ಊಟ, ವಸತಿ, ಕೆಲವು ಆಟ ಎಲ್ಲ ಸೇರಿ. ನದಿ ದಂಡೆಗೆ ಹೋಗಿ ಬೇಕಾದ ಆಟಕ್ಕೆ ಮಾತ್ರ ದುಡ್ಡು ಕೊಡುವುದು ಜಾತ್ರೆಯ ಪದ್ಧತಿ. ವಯಸ್ಸಾದವರು, ಚಿಕ್ಕ ಮಕ್ಕಳು ಇರುವ ಮನೆಗೆ ಎರಡನೆಯದೇ ವಾಸಿ. ನಮ್ಮ ಮನೆಗೆ ಬರುವ ನೆಂಟರಿಗೂ ನಾವು ಇದನ್ನೇ ಹೇಳ್ತೇವೆ.

ಇಲ್ಲಿನ ರೇಟು ಯಾಕೆ ಹೆಚ್ಚು? ಗಣೇಶಗುಡಿಯ ಹತ್ತಿರ ರಾಫ್ಟಿಂಗ್ ನಡೆಯುವುದು ಸೂಪಾ ಅಣೆಕಟ್ಟಿನ ಕೆಳಗೆ. 101 ಮೀಟರ್ ಎತ್ತರದ ಈ ಕಟ್ಟೆಯ ವಿದ್ಯುದಾಗಾರದಿಂದ ನೀರು ಬಿಟ್ಟರೆ ಮಾತ್ರ ನದಿಯಲ್ಲಿ ಅಲೆ. ನೀರು ಯಾವಾಗ ಬಿಡಬೇಕು ಅನ್ನುವುದು ಪ್ರವಾಸಿಗರ ಕೈಯಲ್ಲೂ ಇಲ್ಲ, ರಾಫ್ಟಿನವರ ಕೈಯಲ್ಲೂ ಇಲ್ಲ. ಅದು ರಾಜ್ಯಕ್ಕೆ ಎಷ್ಟು ಕರೆಂಟು ಬೇಕು ಅನ್ನುವುದರ ಮೇಲೆ ನಿಂತಿದೆ. ಮಳೆಗಾಲದಲ್ಲಿ ಆಟ ಬಂದ್. ಅಂದರೆ ವರ್ಷದ ಕೆಲವೇ ತಿಂಗಳು, ಅದರಲ್ಲೂ ವಾರದ ಎರಡು ದಿನ, ಅದರಲ್ಲೂ ನೀರು ಇರುವ ಕೆಲವೇ ತಾಸು. ದೋಣಿ, ಲೈಫ್ ಜಾಕೆಟ್, ತರಬೇತಿ ಪಡೆದ ಗೈಡುಗಳ ವರ್ಷದ ಖರ್ಚೆಲ್ಲ ಆ ತಾಸುಗಳಲ್ಲೇ ಹುಟ್ಟಬೇಕು. ಉದ್ದದ ರಾಫ್ಟಿಂಗಿಗೆ ತಲೆಗೆ ನಾಲ್ಕಂಕಿಯ ದರ ಇರುವುದರ ಹಿಂದೆ ಈ ಲೆಕ್ಕವಿದೆ.

ಇಲ್ಲಿ ರೇಟು ಇಳಿಸುವ ಸುಲಭ ದಾರಿಯೂ ಒಂದಿದೆ. ಅದು ಅಪಾಯದ ದಾರಿ: ಒಂದು ದೋಣಿಗೆ ಹೆಚ್ಚು ಜನರನ್ನು ತುಂಬುವುದು. 2022ರ ಏಪ್ರಿಲಿನಲ್ಲಿ ಗಣೇಶಗುಡಿ ಬಳಿ ಮಿತಿಗಿಂತ ಹೆಚ್ಚು ಜನರಿದ್ದ ರಾಫ್ಟೊಂದು ಅಪಾಯಕ್ಕೆ ಸಿಕ್ಕ ವಿಡಿಯೊ ಎಲ್ಲ ಕಡೆ ಹರಿದಾಡಿತ್ತು. ಅದಾದ ಮೇಲೆ ಜಲಕ್ರೀಡೆಗಳನ್ನು ನಿಲ್ಲಿಸಲಾಗಿತ್ತು. ಅಗ್ಗ ಅನ್ನುವುದು ಯಾವಾಗಲೂ ಒಳ್ಳೆಯದಲ್ಲ. ಸುರಕ್ಷತೆಗೆ ಹೋಗುವ ದುಡ್ಡಿನಲ್ಲಿ ಚೌಕಾಸಿ ಮಾಡಬಾರದು.

ಸಫಾರಿಯಲ್ಲಿ ರೇಟಿಗೆ ಇನ್ನೊಂದು ಕೆಲಸವಿದೆ. ಅಣಶಿ ಮತ್ತು ದಾಂಡೇಲಿಯ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ಅಂತ ಹೆಸರು ಬಂತು. ಅಲ್ಲಿ ದಿನಕ್ಕೆ ಇಷ್ಟೇ ಜೀಪು ಹೋಗಬೇಕು. ಮಂಗಟ್ಟೆ ಹಕ್ಕಿ ಗೂಡು ಕಟ್ಟಿದ ಮರದ ಕೆಳಗೆ ಜಾತ್ರೆ ನೆರೆಯಬಾರದು. ಇಂಥ ಕಡೆ ಜನರನ್ನು ಮಿತಿಯಲ್ಲಿ ಇಡಲೇಬೇಕು. ಆದರೆ ದುಡ್ಡಿನಿಂದಲೇ ಮಿತಿ ಹಾಕಿದರೆ ಕಾಡು ಶ್ರೀಮಂತರಿಗೆ ಮಾತ್ರ ಕಾಣುತ್ತದೆ. ಸಂಖ್ಯೆಯಿಂದ ಮಿತಿ ಹಾಕಿ, ಒಳಗೆ ಒಂದಷ್ಟು ಜಾಗ ಕಡಿಮೆ ದರಕ್ಕೆ ಇಟ್ಟರೆ ಕಾಡೂ ಉಳಿಯುತ್ತದೆ, ಸುತ್ತಲಿನ ಮಕ್ಕಳೂ ನೋಡ್ತಾರೆ.

ಈ ಮಾತು ನಮಗೆ ಯಾಕೆ ಮುಖ್ಯ ಅಂದರೆ, ಕಾಳಿ ಬರೀ ಪ್ರವಾಸಿ ತಾಣ ಅಲ್ಲ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ ಈ 184 ಕಿಲೋಮೀಟರಿನ ನದಿಗೆ ಕಟ್ಟೆ ಕಟ್ಟಿದಾಗ ಸೂಪಾ ಊರೇ ಮುಳುಗಿತು. ಅಲ್ಲಿಂದ ಎದ್ದು ಬಂದವರ ಮಕ್ಕಳು, ಮೊಮ್ಮಕ್ಕಳು ಇವತ್ತು ರಾಮನಗರದಲ್ಲಿದ್ದಾರೆ. ಕೆಲವರು ನಮ್ಮ ಜೊತೆಗೇ ಓದುವ ವಯಸ್ಸಿನವರು. ಅವರ ಹೊಲದ ಮೇಲೆ ನಿಂತ ನೀರಿನಿಂದ ಏಳುವ ಅಲೆಯ ಮೇಲೆ ಒಮ್ಮೆ ತೇಲಲು ಅವರ ಮನೆಗೆ ಆಗುವುದಿಲ್ಲ ಅಂದರೆ, ಅದು ಬರೀ ದರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಯಾರಿಗೆ ದಂಡ, ಯಾರಿಗೆ ಅಲ್ಲ

ಈಗ ಮೊದಲ ಪ್ರಶ್ನೆಗೆ ಬರೋಣ. 14,000 ರೂಪಾಯಿ ಹೆಚ್ಚೋ ಕಡಿಮೆಯೋ? ತಿಂಗಳಿಗೆ 50,000 ಬರುವ ಮನೆಗೆ ಇದು ಸಂಬಳದ ಶೇ. 28. ವರ್ಷಕ್ಕೊಮ್ಮೆ ಅಂದರೆ ತಿಂಗಳಿಗೆ ಸುಮಾರು 1,170 ಎತ್ತಿಟ್ಟರೆ ಆಯಿತು. ಇಂಥವರಿಗೆ 1,140 ರೂಪಾಯಿ ಏರಿಕೆ ಕಿರಿಕಿರಿ, ಅಷ್ಟೇ.

ದಿನಕ್ಕೆ 700ರಂತೆ ಕಂತ್ರಾಟು ಕೆಲಸ ಮಾಡುವವರ ಮನೆ ನೋಡಿ. ತಿಂಗಳಿಗೆ 26 ದಿನ ಸಿಕ್ಕರೆ 18,200. ಅದೇ ಟ್ರಿಪ್ಪು ಇಪ್ಪತ್ತು ದಿನದ ದುಡಿಮೆ. ಜೊತೆಗೆ ಎರಡು ದಿನ ಕೆಲಸಕ್ಕೆ ಹೋಗದಿದ್ದರೆ ಇನ್ನೂ 1,400 ಹೋಯಿತು. ಸಂಬಳದ ರಜೆ ಇರುವವರಿಗೆ ಈ ಖರ್ಚು ಕಾಣುವುದೇ ಇಲ್ಲ. ನಮ್ಮ ಲೆಕ್ಕದಲ್ಲಿ ಒಂದು ವರ್ಷದ ಟಿಕೆಟ್ ಏರಿಕೆಗಿಂತ ಈ ಎರಡು ದಿನದ ಕೂಲಿ ದೊಡ್ಡದು. ಇಂಥ ಮನೆಗೆ ಪಾರ್ಕು ದುಬಾರಿಯಾದದ್ದು ಇತ್ತೀಚಿನ ಏರಿಕೆಯಿಂದ ಅಲ್ಲ. ಅದು ಮೊದಲಿನಿಂದಲೂ ಕೈಗೆ ಎಟುಕುತ್ತಿರಲಿಲ್ಲ. ರೇಟು ಏರಿದಾಗ ಆದದ್ದು ಏನೆಂದರೆ, ಈ ಎರಡೂ ಮನೆಗಳ ನಡುವೆ ಇರುವ, "ಇನ್ನೊಂದು ವರ್ಷ ಕೂಡಿಟ್ಟರೆ ಹೋಗಬಹುದು" ಅನ್ನುತ್ತಿದ್ದ ಮನೆಗಳು ಒಂದೊಂದಾಗಿ ಸಾಲಿನಿಂದ ಹೊರಬಿದ್ದವು.

ಆದ್ದರಿಂದ ನಮ್ಮ ಉತ್ತರ ಹೀಗಿದೆ. ಏರಿದ ಗೇಟಿನ ರೇಟು ಒಂದೇ ಮನೆಮಂದಿಯ ಪ್ರವಾಸವನ್ನು ದಂಡ ಮಾಡುವುದಿಲ್ಲ. ತಪ್ಪು ದಿನ, ಉದ್ದದ ಕ್ಯೂ, ಆಡದವರಿಗೂ ಪೂರ್ತಿ ಟಿಕೆಟ್ ಈ ಮೂರು ಸೇರಿದಾಗ ದಂಡವಾಗುತ್ತದೆ. ಸಾಲ ಮಾಡಿ ಹೋದರೆ ಖಂಡಿತ ದಂಡ. ಕಂತಿನಲ್ಲಿ ತೀರಿಸುವ ಟ್ರಿಪ್ಪಿನ ಖುಷಿ ಎರಡನೇ ಕಂತಿಗೇ ಮುಗಿದಿರುತ್ತದೆ.

ಇನ್ನೊಂದು ಮಾತೂ ಇದೆ. ಪ್ರವಾಸದಿಂದ ಮನೆಗೆ ಏನು ಬೇಕು? ಅಪ್ಪನ ಶಿಫ್ಟು, ಅಮ್ಮನ ಅಡುಗೆಮನೆ, ನಮ್ಮ ಇಂಟರ್ನಲ್ಸ್ ಇವುಗಳಿಂದ ಎಲ್ಲರೂ ಒಂದೇ ದಿನ ಬಿಡಿಸಿಕೊಂಡು ಒಟ್ಟಿಗೆ ಇರಬೇಕು. ಅದಕ್ಕೆ ರೋಲರ್ ಕೋಸ್ಟರ್ ಒಂದು ದಾರಿ, ಏಕೈಕ ದಾರಿ ಅಲ್ಲ. ಧಾರವಾಡ, ಬೆಳಗಾವಿ ಕಡೆಯ ರೈತರ ಮನೆಗಳು ಚಕ್ಕಡಿ ಕಟ್ಟಿಕೊಂಡು ಉಳವಿ ಚನ್ನಬಸವಣ್ಣನ ಜಾತ್ರೆಗೆ ಬರುವುದು ಬರೀ ಭಕ್ತಿಯಿಂದಲ್ಲ, ಅದು ಆ ಮನೆಗಳ ವರ್ಷದ ರಜೆಯೂ ಹೌದು. ದಾರಿಯಲ್ಲಿ ಅಡುಗೆ, ಕಾಡಿನಲ್ಲಿ ಮಲಗುವುದು, ಅಜ್ಜನಿಂದ ಕೂಸಿನವರೆಗೆ ಎಲ್ಲರೂ. ಬಂಗೂರನಗರದ ಡಿಲಕ್ಸ್ ಮೈದಾನದಲ್ಲಿ ದಸರೆಗೆ ನಡೆಯುವ ರಾಮಲೀಲಾ ನೋಡಲು ಇಡೀ ಊರು ಸೇರುತ್ತದೆ. ಸಿಂಥೇರಿ ಬಂಡೆಯ ಕೆಳಗೆ, ಮುಂಡಗೋಡದ ಅತ್ತಿವೇರಿ ಪಕ್ಷಿಧಾಮದಲ್ಲಿ, ಅಲ್ಲಿನ ಟಿಬೆಟಿಯನ್ ಬೌದ್ಧ ಮಠಗಳ ಅಂಗಳದಲ್ಲಿ ಒಂದು ದಿನ ಕಳೆಯಲು ಬುತ್ತಿ ಕಟ್ಟಿಕೊಂಡು ಬಸ್ ಹತ್ತಿದರೆ ಸಾಕು. ಹಾಗಂತ "ಬಡವರು ಜಾತ್ರೆಗೆ ಹೋಗಲಿ, ಪಾರ್ಕು ಉಳ್ಳವರಿಗಿರಲಿ" ಅಂತ ನಾವು ಹೇಳುತ್ತಿಲ್ಲ. ಎಂಟು ವರ್ಷದ ತಮ್ಮನಿಗೆ ಅಲೆಯ ಕೊಳ ನೋಡುವ ಆಸೆ ಇದ್ದರೆ ಆ ಆಸೆ ಸಣ್ಣದಲ್ಲ.

ಹೋಗುವವರಿಗೆ ನಾಲ್ಕು ಮಾತು

ಒಂದು, ಮೊದಲು ದಿನ ನೋಡಿ, ಆಮೇಲೆ ರೇಟು ನೋಡಿ. ಶಾಲೆಗಳ ರಜೆ ಶುರುವಾಗುವ ಮುಂಚಿನ ವಾರದ ದಿನ ಸಿಕ್ಕರೆ ಬಿಡಬೇಡಿ. ನಮ್ಮ ಸೆಮಿಸ್ಟರ್ ರಜೆ ಎಷ್ಟೋ ಸಲ ಇದಕ್ಕೆ ಸರಿಹೊಂದುತ್ತದೆ.

ಎರಡು, ಯಾರು ಎಷ್ಟು ಆಟ ಆಡ್ತಾರೆ ಅಂತ ಮನೆಯಲ್ಲೇ ಕೇಳಿ. ಇಬ್ಬರಿಗಿಂತ ಹೆಚ್ಚು ಜನ ಬೆಂಚಿಗೆ ಕೂರುವವರಿದ್ದರೆ ಆಟಕ್ಕೊಂದು ಟಿಕೆಟ್ ಇರುವ ಜಾಗ ಆರಿಸಿ. ಚಿಕ್ಕವರ ಎತ್ತರ ಗೋಡೆಗೆ ನಿಲ್ಲಿಸಿ ಅಳೆದುಕೊಂಡೇ ಹೊರಡಿ, ಅಲ್ಲಿ ಹೋಗಿ ಅಳುವುದು ತಪ್ಪುತ್ತದೆ.

ಮೂರು, ಗೇಟಿನ ಹೊರಗಿನ ಖರ್ಚು ಮೊದಲು ಬರೆದಿಡಿ. ಚೌಕಾಸಿಗೆ ಜಾಗ ಇರುವುದು ಅಲ್ಲೇ.

ನಾಲ್ಕು, ನಮ್ಮೂರಿನ ರಾಫ್ಟು, ಸಫಾರಿಗಳಲ್ಲಿ ವಾರದ ದಿನಗಳಿಗೆ ಸ್ಥಳೀಯರ ದರ ಇಡಬೇಕು ಅಂತ ಕೇಳೋಣ. ಮಂಗಳವಾರ ದಂಡೆಯ ಮೇಲೆ ಒಣಗುವ ದೋಣಿಯಲ್ಲಿ ಹಳಿಯಾಳದ, ಜೋಯಿಡಾದ ಒಂದು ಮನೆ ಕಡಿಮೆ ದರಕ್ಕೆ ಕೂತರೆ ಯಾರಿಗೂ ನಷ್ಟವಿಲ್ಲ. ಖಾಲಿ ಸೀಟಿನ ಆದಾಯ ಸೊನ್ನೆ ಅಂತ ನಮಗೆ ಮೊದಲ ವರ್ಷದಲ್ಲೇ ಗೊತ್ತಾಗಿರುತ್ತದೆ.

ನಿಮ್ಮ ಮನೆಯ ಲೆಕ್ಕ ಇದಕ್ಕಿಂತ ಬೇರೆ ಬಂದರೆ ಕನ್ನಡ ಬಳಗಕ್ಕೆ ಬರೆದು ಕಳಿಸಿ. ಅಂಕಿಗಳ ಸಮೇತ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೇವೆ.